ಲೊವೆಚ್‌ನ ಯಾರೋ ಒಬ್ಬರು

ವಾರ್ನಾ, 2 ಜುಲೈ 1998

ಅಮ್ಮ,

ತಲುಪಿದೆ. ನೀನು ಕೇಳಲಿಲ್ಲ, ಆದರೂ ತಿಳಿಸುವುದು ಮರ್ಯಾದೆ ಎಂದು ಅಪ್ಪ ಹೇಳಿದ. ಕೆಳಗೆ ಅವನ ಕಾರು ಹಾರ್ನ್ ಹೊಡೆಯುತ್ತಿದ್ದಾಗ ನೀನು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ಚೆರ್ರಿ ಹಣ್ಣಿನ ಬೀಜ ತೆಗೆಯುತ್ತಾ ಕೂತಿದ್ದೆ. “ಬಾಗಿಲು ಎಳ್ಕೊಂಡು ಹೋಗು, ನೊಣ ಬರುತ್ತೆ” ಅಂದೆ. ಹದಿನಾರು ವರ್ಷದ ಮಗಳು ಮೊದಲ ಸಲ ಒಬ್ಬಳೇ ಊರು ಬಿಟ್ಟು ಹೊರಟಿದ್ದಾಗ ನಿನಗೆ ನೊಣದ ಚಿಂತೆ.

ಇಲ್ಲಿ ಫೋನು ಹಾಸ್ಟೆಲಿನ ಮೇಲ್ವಿಚಾರಕಿಯ ಕೋಣೆಯಲ್ಲಿದೆ. ಅವಳು ಟಿ.ವಿ. ಸದ್ದು ಕಮ್ಮಿ ಮಾಡಿ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾಳೆ. ಹಾಗಾಗಿ ಪತ್ರವೇ ವಾಸಿ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ತರಗತಿಗಳು ನಾವಿಕರ ಸಂಘದ ಭವನದಲ್ಲಿ ನಡೆಯುತ್ತವೆ. ಮರದ ನೆಲ, ಎತ್ತರದ ಕಿಟಕಿ, ನಿಜವಾದ ಪಿಯಾನೋ. ನೀನು ಕಲಿಸುವ ಸಂಸ್ಕೃತಿ ಭವನದ ಟೇಪ್ ರೆಕಾರ್ಡರ್ ಹಾಗೆ ಮಧ್ಯದಲ್ಲಿ ಟೇಪು ಕಚ್ಚಿಕೊಂಡು ಕೂರುವುದಿಲ್ಲ. ಬೇಸಿಗೆ ಶಿಬಿರ ಅಂದರೆ ಹಾಡು ಕುಣಿತ ಅಂದುಕೊಂಡಿದ್ದೆಯೋ ಏನೋ. ಬೆಳಿಗ್ಗೆಯಿಂದ ಸಂಜೆಯವರೆಗೆ ಬ್ಯಾಲೆ, ಮಧ್ಯೆ ಒಂದು ತಟ್ಟೆ ಹುರುಳಿಕಾಯಿ ಸಾರು, ಮತ್ತೆ ಬ್ಯಾಲೆ. ಕೋಣೆಯಲ್ಲಿ ನನ್ನ ಜೊತೆ ಬುರ್ಗಾಸ್‌ನ ಬಿಸೆರಾ ಎಂಬ ಹುಡುಗಿ ಇದ್ದಾಳೆ. ಮಾತು ಒರಟು, ಕಾಲು ಮಾತ್ರ ಬೆಣ್ಣೆ.

ತಾನೆವಾ ಮೇಡಂ ಸೂರ್ಯಕಾಂತಿ ಬೀಜ ಜಗಿಯುತ್ತಲೇ ಪಾಠ ಮಾಡುತ್ತಾರೆ. ಸಿಪ್ಪೆಯನ್ನು ಕಾಗದದ ಪೊಟ್ಟಣಕ್ಕೆ ಉಗಿದು, ಆಮೇಲೆ ಬೈಯುತ್ತಾರೆ. ಮೊದಲ ದಿನವೇ ನನ್ನ ಮುಂದೆ ನಿಂತರು.

“ಈ ಕೈ ನಿಂಗ್ಯಾರು ಕೊಟ್ರು? ಕೈ ಚೆನ್ನಾಗಿದೆ. ಸೊಂಟದಿಂದ ಕೆಳಗೆ ಮಾತ್ರ ಬೇರೆ ಯಾರದೋ ಕಾಲು ತಂದು ಅಂಟಿಸಿದ ಹಾಗಿದೆ. ಪಾದ ಹೊರಗೆ ತಿರುಗೋದೇ ಇಲ್ವಲ್ಲ. ಯಾರು ಕಲಿಸಿದ್ದು ನಿಂಗೆ?”

ಎಲ್ಲರೂ ನಕ್ಕರು. ನಾನು ಹೇಳಿದೆ, “ಲೊವೆಚ್‌ನ ಯಾರೋ ಒಬ್ರು.”

ಬಂದದ್ದಕ್ಕೆ ನನಗೇನೂ ಬೇಸರವಿಲ್ಲ. ಅರ್ಜಿಗೆ ನೀನು ಸಹಿ ಹಾಕಲಿಲ್ಲ, ಅಪ್ಪ ಹಾಕಿದ. ಬೇಡ ಅನ್ನುವುದಕ್ಕೆ ಕಾರಣ ಕೇಳಿದರೆ “ಬೇಡ ಅಂದ್ರೆ ಬೇಡ” ಎಂಬುದು ಕಾರಣವಲ್ಲ. ಅದಕ್ಕೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಜೂನ್‌ನಲ್ಲಿ ನಿನ್ನ ಮುಖಕ್ಕೇ ಹೇಳಿದ್ದೆ, ಈಗ ಬರೆದೂ ಕೊಡುತ್ತಿದ್ದೇನೆ.

ಇಸ್ಕ್ರಾ


ಲೊವೆಚ್, 7 ಜುಲೈ

ಇಸ್ಕ್ರಾ,

ನೊಣ ಬಂತು. ನೀನು ಬಾಗಿಲು ಎಳೆದುಕೊಂಡು ಹೋಗಿರಲಿಲ್ಲ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹೊಟ್ಟೆಕಿಚ್ಚು ಎಂದದ್ದನ್ನು ಬಿಟ್ಟುಬಿಡುತ್ತೇನೆ, ಅದು ನಿನ್ನ ಅಪ್ಪನ ಬಾಯಿಂದ ಬಿದ್ದ ಮಾತು, ನೀನು ಎತ್ತಿಕೊಂಡಿದ್ದೀಯ. ಆದರೆ “ಯಾರೋ ಒಬ್ರು”. ಈ ಯಾರೋ ಒಬ್ಬಳು ನೀನು ಐದು ವರ್ಷದವಳಿದ್ದಾಗಿಂದ ನಿನ್ನ ಬ್ಯಾಲೆ ಶೂಗೆ ರಿಬ್ಬನ್ನು ಹೊಲಿದಿದ್ದಾಳೆ. ನಿನಗೆ ಕೆಮ್ಮು ಬಂದರೆ ತರಗತಿಯ ಬೇರೆ ಮಕ್ಕಳನ್ನು ಮನೆಗೆ ಕಳಿಸಿದ್ದಾಳೆ. ತಾನೆವಾಗೆ ನನ್ನ ಹೆಸರು ಹೇಳು ಎಂದು ಕೇಳುತ್ತಿಲ್ಲ. ಹೇಳಿದರೂ ಅವಳಿಗೆ ನೆನಪಿರಲಿಕ್ಕಿಲ್ಲ. ರೂಸೆಯ ಆಪೆರಾ ರಂಗಮಂದಿರದಲ್ಲಿ ನಾನು ಹಿಂದಿನ ಸಾಲಿನಲ್ಲಿ ಕುಣಿಯುತ್ತಿದ್ದೆ, ಅವಳು ಮುಂದೆ ಬಂದು ಹೂಗುಚ್ಛ ತೆಗೆದುಕೊಂಡು ಹೋದಳು. ಬೇಕಾದರೆ ಇದನ್ನೂ ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಸೇರಿಸಿಕೋ.

ಈಗ ಒಂದು ಮಾತು ಕೇಳು. ಕೇಳುವುದಿಲ್ಲ ಎಂದು ಗೊತ್ತು, ಆದರೂ ಕೇಳು. ಅಲ್ಲಿ ಹುಡುಗಿಯರು ನೆಲದ ಮೇಲೆ ಕಪ್ಪೆಯ ಹಾಗೆ ಕಾಲು ಬಿಡಿಸಿ ಕೂತು, ಒಬ್ಬರ ಮೇಲೊಬ್ಬರು ಹತ್ತಿ ಮಂಡಿ ಒತ್ತಿಸಿಕೊಳ್ಳುತ್ತಾರೆ. ನೀನು ಅದನ್ನು ಮಾಡಬೇಡ. ಪಾದವನ್ನು ನಿನ್ನ ಅಳತೆಗಿಂತ ಹೆಚ್ಚು ತಿರುಗಿಸಬೇಡ. ಬೈದರೆ ಬೈಯಲಿ. ಬೈಸಿಕೊಳ್ಳುವುದು ನಿನಗೆ ಹೊಸದಲ್ಲ, ನಾನೇ ಬೇಕಾದಷ್ಟು ಬೈದಿದ್ದೇನೆ.

ಏಕೆ ಎಂದು ಕೇಳಬೇಡ. ಹೇಳಿದಷ್ಟು ಮಾಡು.

ಚೆರ್ರಿ ಮುರಬ್ಬ ಕಳಿಸಿದ್ದೇನೆ. ಆ ಬಿಸೆರಾಗೂ ಕೊಡು.

ಅಮ್ಮ


ವಾರ್ನಾ, 13 ಜುಲೈ

ಅಮ್ಮ,

ಮುರಬ್ಬ ಬಂತು. ಬಿಸೆರಾ ಡಬ್ಬದಿಂದಲೇ ಚಮಚ ಹಾಕಿ ತಿನ್ನುತ್ತಿದ್ದಾಳೆ. “ನಿಮ್ಮಮ್ಮ ಸಿಹಿ ಮಾಡೋದ್ರಲ್ಲಿ ಜೋರು, ಮಾತ್ಯಾಕೆ ಇಷ್ಟು ಹುಳಿ?” ಎಂದು ಕೇಳಿದಳು. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಓದಬಾರದಿತ್ತು ಅನ್ನುತ್ತೀಯ. ನಾನು ಓದಿದೆ.

ನೀನು ಏನು ಮಾಡಬೇಡ ಎಂದಿದ್ದೀಯೋ ಅದನ್ನು ನಾನು ದಿನಾ ಬೆಳಿಗ್ಗೆ ಮಾಡುತ್ತಿದ್ದೇನೆ. ಕಪ್ಪೆಯ ಹಾಗೆ ಬೋರಲು ಮಲಗುತ್ತೇನೆ, ಬಿಸೆರಾ ನನ್ನ ಸೊಂಟದ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಾಳೆ. ಅವಳ ಜಡೆ ಮುಗಿಯುವ ಹೊತ್ತಿಗೆ ನನ್ನ ಮಂಡಿ ನೆಲ ಮುಟ್ಟಿರುತ್ತದೆ. ಹತ್ತು ವರ್ಷ ನಿನ್ನ ಹತ್ತಿರ ಕಲಿತಾಗ ಆಗದ್ದು ಇಲ್ಲಿ ಹತ್ತು ದಿನದಲ್ಲಿ ಆಗುತ್ತಿದೆ. ಪಾದಗಳೆರಡೂ ಒಂದೇ ಗೆರೆಗೆ ಬರಬೇಕು, ಮಂಡಿಯೂ ಜೊತೆಗೆ ತಿರುಗಬೇಕು, ಇಡೀ ಬ್ಯಾಲೆ ನಿಂತಿರುವುದೇ ಅದರ ಮೇಲೆ. ಇಲ್ಲಿನ ಪುಟ್ಟ ಮಕ್ಕಳಿಗೂ ಅದು ಗೊತ್ತು. ನೀನು ಮಾತ್ರ ನನಗೆ ಯಾವಾಗಲೂ “ಸಾಕು, ಅಷ್ಟೇ ಸಾಕು” ಅನ್ನುತ್ತಿದ್ದೆ. ಬೇರೆಯವರ ಮಕ್ಕಳನ್ನು “ಇನ್ನೂ ತಿರುಗಿಸು” ಎಂದು ಗದರಿಸುತ್ತಿದ್ದೆ. ಅವರು ನಿನ್ನ ಮಕ್ಕಳಲ್ಲ, ಅವರು ನಿನಗಿಂತ ಮುಂದೆ ಹೋದರೆ ನಿನಗೆ ನೋವಿಲ್ಲ. ನಾನು ಹೋದರೆ ಮಾತ್ರ ನೋವು.

ನಿನ್ನೆ ತಾನೆವಾ ಮೇಡಂ ನನ್ನನ್ನು ಮೂಲೆಯಿಂದ ಎಳೆದುಕೊಂಡು ಬಂದು ಹಿಡಿದು ಅಭ್ಯಾಸ ಮಾಡುವ ಕಂಬಿಯ ಮುಂದಿನ ತುದಿಗೆ ನಿಲ್ಲಿಸಿದರು. “ನೋಡ್ರೇ, ಲೊವೆಚ್‌ನ ಹುಡುಗಿಗೆ ಕಾಲು ಬಂತು” ಅಂದರು. ಅವರು ಹೊಗಳುವುದೇ ಹಾಗೆ. ಶಿಬಿರದ ಕೊನೆಗೆ ನಾವಿಕರ ಭವನದಲ್ಲಿ ಪ್ರದರ್ಶನವಿದೆ. ಅದರಲ್ಲಿ ಚೆನ್ನಾಗಿ ಮಾಡಿದ ಇಬ್ಬರನ್ನು ಸೆಪ್ಟೆಂಬರಿನಿಂದ ಸೋಫಿಯಾದಲ್ಲಿ ತಮ್ಮ ಹತ್ತಿರವೇ ಇಟ್ಟುಕೊಂಡು ಕಲಿಸುತ್ತಾರಂತೆ. ಬಿಸೆರಾ ಒಬ್ಬಳು ಎಂದು ಎಲ್ಲರಿಗೂ ಗೊತ್ತು. ಇನ್ನೊಬ್ಬಳು ನಾನಾಗಬೇಕು. ಆಗುತ್ತೇನೆ.

ಅಲ್ಲಿಂದ ಆಚೆ ನಾನು ಲೊವೆಚ್‌ಗೆ ಹಬ್ಬಕ್ಕೆ ಬಂದರೆ ಹೆಚ್ಚು. ನಿನ್ನ ಭವನದ ವಾರ್ಷಿಕೋತ್ಸವಕ್ಕೆ, ಮಕ್ಕಳು ಮೊಲದ ಕಿವಿ ಕಟ್ಟಿಕೊಂಡು ಕುಣಿಯುವಾಗ, ನಾನು ಹಿಂದೆ ನಿಂತು ಪರದೆ ಎಳೆಯಲಾರೆ. ಬೇರೆ ಯಾರನ್ನಾದರೂ ನೋಡಿಕೋ.

ಇಸ್ಕ್ರಾ


ಲೊವೆಚ್, 17 ಜುಲೈ

ಇಸ್ಕ್ರಾ,

ನಿಲ್ಲಿಸು. ಆ ಹುಡುಗಿಯನ್ನು ನಿನ್ನ ಬೆನ್ನಿನಿಂದ ಇಳಿಸು.

ಕೋಪದಲ್ಲಿ ನಾಲ್ಕು ಪುಟ ಬರೆದೆ, ಹರಿದೆ. ನನ್ನ ಮೇಲೆ ನಿನಗೆ ಎಷ್ಟು ಸಿಟ್ಟಿದೆಯೋ ಅಷ್ಟನ್ನೂ ನನ್ನ ಮೇಲೆಯೇ ತೀರಿಸಿಕೋ, ನಿನ್ನ ಕಾಲಿನ ಮೇಲೆ ಬೇಡ. ಎಡಗಾಲಿಗೆ ನೋವಿದೆಯಾ? ತೊಡೆಯ ಸಂದಿಯಲ್ಲಿ, ಒಳಗೆ? ಇದೊಂದಕ್ಕೆ ಉತ್ತರ ಬರೆ. ಉಳಿದದ್ದನ್ನು ಬರೆಯದಿದ್ದರೂ ನಡೆಯುತ್ತದೆ.

ಅಮ್ಮ


ವಾರ್ನಾ, 20 ಜುಲೈ

ನೋವಿಲ್ಲ.

ಇಸ್ಕ್ರಾ


ವಾರ್ನಾ, 28 ಜುಲೈ

ಶ್ರೀಮತಿ ರುಮಿಯಾನಾ ಅವರಿಗೆ,

ತರಗತಿಯೊಳಗೆ ನಿಮ್ಮನ್ನು ಅಮ್ಮ ಎಂದು ಕರೆಯಬಾರದು ಎಂದು ನೀವೇ ನಿಯಮ ಮಾಡಿದ್ದಿರಿ. ಈ ಪತ್ರದಲ್ಲಿರುವುದೆಲ್ಲ ತರಗತಿಗೆ ಸಂಬಂಧಪಟ್ಟ ವಿಷಯ. ಆದ್ದರಿಂದ ಹೀಗೆ.

ಶುಕ್ರವಾರ ಪ್ರದರ್ಶನದ ತಾಲೀಮು ನಡೆಯುತ್ತಿತ್ತು. ನಾನು ದೊಡ್ಡ ಜಿಗಿತದಿಂದ ಇಳಿದಾಗ ಎಡ ಸೊಂಟದ ಕೀಲಿನಲ್ಲಿ, ಬಹಳ ಒಳಗೆ, ಏನೋ ಕಟಕ್ಕೆಂದಿತು. ಕಾಲು ನನ್ನದಲ್ಲದ ಹಾಗೆ ಮಡಚಿಕೊಂಡಿತು. ತಾನೆವಾ ಮೇಡಂ ಕೈ ಎತ್ತಿ ಪಿಯಾನೋ ನಿಲ್ಲಿಸಿದರು.

“ಎದ್ದೇಳು.”

“ಏನಿಲ್ಲ ಮೇಡಂ, ಜಾರಿತು.”

“ಜಾರಿದೋರ ಮುಖ ಹೀಗಿರಲ್ಲ. ಯಾವಾಗಿಂದ ಇದೆ ನೋವು?”

ನಾನು ಎದ್ದು ನಿಲ್ಲಲು ನೋಡಿದೆ. ಬಿಸೆರಾ ಬಾಯಿ ಬಿಟ್ಟಳು. “ಮೆಟ್ಲು ಹತ್ತೋವಾಗ ಗೋಡೆ ಹಿಡ್ಕೊಂಡು ಹತ್ತುತ್ತಾಳೆ ಮೇಡಂ. ಮಂಚದ ಮೇಲೆ ಕಾಲು ಎತ್ತಿಡೋಕೆ ಎರಡೂ ಕೈ ಬೇಕು ಅವಳಿಗೆ. ಹೇಳಿದ್ರೆ ಕೊಂದು ಹಾಕ್ತೀನಿ ಅಂದಿದ್ಳು, ಅದಕ್ಕೆ ಹೇಳಿರ್ಲಿಲ್ಲ.”

ಮೇಡಂ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ತಾವೇ ಟ್ಯಾಕ್ಸಿ ಹಿಡಿದು ಮಿಂಕೋವ್ ಎಂಬ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಮಗು ಇದ್ದಾಗ ಎಷ್ಟು ತಿಂಗ್ಳು ಬೆಲ್ಟ್ ಕಟ್ಟಿದ್ರು ನಿಂಗೆ?”

“ಯಾವ ಬೆಲ್ಟು?” ಅಂದೆ.

ಅವರು ನನ್ನನ್ನು ಬಿಟ್ಟು ಮೇಡಂ ಮುಖ ನೋಡಿದರು. “ಹುಟ್ಟಿದಾಗಿಂದ್ಲೇ ಈ ಕೀಲಿನ ಗುಳಿ ಆಳ ಇಲ್ಲ. ಚೆಂಡು ಬಟ್ಟಲಲ್ಲಿ ಕೂರೋ ಬದ್ಲು ತಟ್ಟೇಲಿ ಕೂತ ಹಾಗೆ. ನಡೆಯೋಕೆ, ಓಡೋಕೆ ಏನೂ ತೊಂದ್ರೆ ಇಲ್ಲ. ಬ್ಯಾಲೆಗೆ ಮಾತ್ರ ಆಗಲ್ಲ. ಈಗ ಗುಳಿಯ ಅಂಚು ಹರಿದಿದೆ. ಇನ್ನೂ ಎಳೆದಾಡಿದ್ರೆ ಮೂವತ್ತಕ್ಕೇ ಕೋಲು ಹಿಡೀಬೇಕಾಗುತ್ತೆ.”

“ಹತ್ತು ವರ್ಷದಿಂದ ಬ್ಯಾಲೆ ಮಾಡ್ತಿದ್ದಾಳೆ,” ಅಂದರು ಮೇಡಂ. “ಇಲ್ಲಿ ತನಕ ಹೇಗೆ ಉಳೀತು ಹಾಗಾದ್ರೆ?”

“ಯಾರೋ ಗೊತ್ತಿದ್ದೇ ಕಲಿಸಿದ್ದಾರೆ. ಪೂರ್ತಿ ತಿರುಗಿಸೋಕೆ ಬಿಟ್ಟಿಲ್ಲ. ಬಿಟ್ಟಿದ್ರೆ ಹನ್ನೆರಡನೇ ವರ್ಷಕ್ಕೇ ಕುಂಟ್ತಿದ್ಳು.”

ಮೇಡಂ ನನ್ನ ಕಡೆ ತಿರುಗಿದರು. “ಲೊವೆಚ್‌ನ ಆ ಯಾರೋ ಒಬ್ರು ಯಾರು?”

“ನಮ್ಮಮ್ಮ.”

ಅವರು ಜಗಿಯುವುದನ್ನು ನಿಲ್ಲಿಸಿದರು. ಆಮೇಲೆ ಡಾಕ್ಟರಿಗೆ ಹೇಳಿದರು, “ಎಂಥಾ ಟೀಚರ್ ನೋಡಿ. ನಂಗಂತೂ ಅಷ್ಟು ತಾಳ್ಮೆ ಇಲ್ಲ. ನಾನಾಗಿದ್ರೆ ಮೊದಲ ದಿನವೇ ಮನೆಗೆ ಕಳಿಸ್ತಿದ್ದೆ.” ಅವರಿಬ್ಬರೂ ನನ್ನ ತಲೆಯ ಮೇಲಿಂದ ನಿಮ್ಮನ್ನು ಹೊಗಳುತ್ತಾ ಮಾತಾಡಿದರು. ನಾನು ಒಳ ಅಂಗಿಯಲ್ಲಿ ಆ ತಣ್ಣನೆಯ ಮೇಜಿನ ಮೇಲೆ ಕೂತಿದ್ದೆ.

ಅವರಿಗೆ ಐದು ನಿಮಿಷದಲ್ಲಿ ಗೊತ್ತಾಯಿತು. ನಿಮಗೆ ನಾನು ಹುಟ್ಟಿದಾಗಿಂದ ಗೊತ್ತಿತ್ತು. ಕಾಲು ಯಾರದೋ ಅವಳೊಬ್ಬಳಿಗೆ ಮಾತ್ರ ಗೊತ್ತಿರಲಿಲ್ಲ. ಐದನೇ ವರ್ಷದಿಂದ ಪ್ರತಿ ಸಂಜೆ ನನ್ನೊಂದಿಗೆ ಆ ಕೋಣೆಯಲ್ಲಿ ನಿಂತು, ನಾನು ಎಂದಿಗೂ ಆಗಲಾರದ್ದನ್ನು ಆಗುತ್ತೇನೆ ಎಂದು ನಂಬಿಸಿದಿರಿ. ಕನ್ನಡಿಯ ಮುಂದೆ ನಾನು ಅತ್ತಾಗ “ಇನ್ನೂ ಬೆಳೀಬೇಕು ನೀನು, ಸಮಯ ಇದೆ” ಅಂದಿರಿ. ಯಾವುದಕ್ಕೆ ಸಮಯ ಇತ್ತು?

ಮೇಡಂ ನಿಮಗೆ ಫೋನು ಮಾಡುತ್ತೇನೆ ಎಂದರು. ಬೇಡ ಅಂದೆ, ಮಾಡಿದ್ದಾರೆ ಎಂದು ತಿಳಿಯಿತು. ನನ್ನನ್ನು ಕರೆದುಕೊಂಡು ಹೋಗಲು ನೀವು ಬರುವ ಅಗತ್ಯವಿಲ್ಲ. ಬಂದರೂ ನಾನು ಕೆಳಗೆ ಇಳಿಯುವುದಿಲ್ಲ.

ಇಸ್ಕ್ರಾ ಪ್ಲಮೆನೋವಾ


ಲೊವೆಚ್, 2 ಆಗಸ್ಟ್

ಇಸ್ಕ್ರಾ,

ಬಂದಿದ್ದೆ. ಮೇಲ್ವಿಚಾರಕಿ ಹೇಳಿರಬೇಕು. ಹಾಸ್ಟೆಲಿನ ಎದುರಿನ ಬೆಂಚಿನ ಮೇಲೆ ಮಧ್ಯಾಹ್ನವಿಡೀ ಕೂತಿದ್ದೆ. ಮೂರನೇ ಮಹಡಿಯ ಪರದೆ ಎರಡು ಸಲ ಅಲ್ಲಾಡಿತು. ನೀನು ಇಳಿಯಲಿಲ್ಲ. ಸಂಜೆಯ ಬಸ್ಸಿಗೆ ಹಿಂತಿರುಗಿದೆ.

ನೀನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಚೆನ್ನಾಗಿರುವ ಉತ್ತರವಲ್ಲ.

ನೀನು ಹುಟ್ಟಿದಾಗ ಎಡಗಾಲು ಸಡಿಲವಾಗಿತ್ತು. ಎಂಟು ತಿಂಗಳು ನಿನ್ನ ಕಾಲುಗಳ ನಡುವೆ ದಿಂಬಿಟ್ಟು ಬೆಲ್ಟು ಕಟ್ಟಿದೆವು. ನಿನ್ನನ್ನು ಎತ್ತಿಕೊಂಡರೆ ಸಣ್ಣ ಸ್ಟೂಲನ್ನು ಎತ್ತಿಕೊಂಡ ಹಾಗಿರುತ್ತಿತ್ತು. ಬೀದಿಯಲ್ಲಿ ಹೆಂಗಸರು ನಿಂತು ನೋಡುತ್ತಿದ್ದರು, ನಾನು ಅವರನ್ನು ನೋಡಿ ನಾಲಿಗೆ ಚಾಚುತ್ತಿದ್ದೆ. ವಾಸಿಯಾಯಿತು. ನಡೆಯುತ್ತಾಳೆ, ಓಡುತ್ತಾಳೆ, ಜಿಮ್ನಾಸ್ಟಿಕ್ಸು, ಬ್ಯಾಲೆ ಮಾತ್ರ ಬೇಡ ಎಂದರು ಡಾಕ್ಟರು. ನಾನು ನಕ್ಕೆ. ಬ್ಯಾಲೆ ಕಲಿಸುವವಳ ಮಗಳು ತಾನೆ, ಅದಕ್ಕೆ ನಕ್ಕೆ.

ನಿನ್ನ ಅಪ್ಪ ಪ್ಲೊವ್ದಿವ್‌ಗೆ ಹೋದ ಮೇಲೆ ನಿನ್ನನ್ನು ಬಿಟ್ಟುಬರಲು ಯಾರೂ ಇರಲಿಲ್ಲ. ತರಗತಿಗೇ ಕರೆತರುತ್ತಿದ್ದೆ, ನೀನು ಮೂಲೆಯಲ್ಲಿ ಬಣ್ಣದ ಪೆನ್ಸಿಲು ಹಿಡಿದು ಕೂರುತ್ತಿದ್ದೆ. ಒಂದು ದಿನ ಎದ್ದು ಬಂದು ಕಂಬಿ ಹಿಡಿದೆ. ಬೇಡ ಅಂದೆ. ನೆಲಕ್ಕೆ ಬಿದ್ದು, ಉಸಿರು ಕಟ್ಟುವ ಹಾಗೆ ಅತ್ತೆ. ಒಂದು ತಿಂಗಳು ಆಡಲಿ, ಬೇಜಾರಾಗಿ ಬಿಡುತ್ತಾಳೆ ಅಂದುಕೊಂಡೆ. ಬೇಜಾರಾಗಲಿಲ್ಲ. ಆಮೇಲೆ ನಿನ್ನ ಕಾಲಿಗೆ ಎಷ್ಟು ಆಗುತ್ತದೋ ಅಷ್ಟರಲ್ಲೇ ಒಂದು ಬ್ಯಾಲೆ ಕಟ್ಟಿಕೊಟ್ಟೆ. ಕೈ ಕಲಿಸಿದೆ, ಕತ್ತು ಕಲಿಸಿದೆ, ಸಂಗೀತದ ಒಳಗೆ ಹೇಗೆ ಕೂರಬೇಕು ಎಂದು ಕಲಿಸಿದೆ. ಕಾಲನ್ನು ಮುಚ್ಚಿಟ್ಟೆ. ಅದು ಕಲಿಸುವಿಕೆಯೋ ಮೋಸವೋ ಎಂದು ನನಗೆ ಗೊತ್ತಿದ್ದರೆ ಇಷ್ಟು ವರ್ಷ ಬೇಕಾಗುತ್ತಿರಲಿಲ್ಲ.

ಪ್ರತಿ ವರ್ಷ, ಬರುವ ವರ್ಷ ಹೇಳುತ್ತೇನೆ ಅಂದುಕೊಂಡೆ. ತರಗತಿ ಮುಗಿಸಿ ಹೊರಗೆ ಬರುವಾಗ ನಿನ್ನ ಮುಖ ಹೇಗಿರುತ್ತಿತ್ತು ಎಂದು ನೀನು ನೋಡಿಲ್ಲ, ನಾನು ನೋಡಿದ್ದೇನೆ. ಆ ಮುಖಕ್ಕೆ ನೀನಾದರೂ ಹೇಳುತ್ತಿದ್ದೆಯಾ? ಜೂನ್‌ನಲ್ಲಿ ಹೇಳಲೇಬೇಕು ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಹೊಟ್ಟೆಕಿಚ್ಚು ಅಂದೆ. ಸರಿ, ಹಾಗೇ ಅಂದುಕೋ ಎಂದು ಬಾಯಿ ಮುಚ್ಚಿಕೊಂಡೆ. ಆ ಒಂದು ಮಾತಿಗೆ ನನಗೆ ಬಂದ ಸಿಟ್ಟು ನಿನ್ನ ಕೀಲಿಗೆ ಎರವಾಯಿತು. ಹದಿನೇಳನೇ ತಾರೀಖು ನಾಲ್ಕು ಪುಟ ಬರೆದು ಹರಿದೆ ಎಂದಿದ್ದೆನಲ್ಲ, ಅದರಲ್ಲಿ ಎಲ್ಲ ಇತ್ತು. ತಾನೆವಾಗೆ ಫೋನು ಮಾಡಬಹುದಿತ್ತು. ಮಾಡಿದ್ದರೆ ಅವಳು ಅಂದೇ ನಿನ್ನನ್ನು ಮನೆಗೆ ಅಟ್ಟುತ್ತಿದ್ದಳು. ಅಮ್ಮನೇ ನನ್ನನ್ನು ಇಳಿಸಿದಳು ಎಂದು ಜೀವಮಾನವಿಡೀ ನೀನು ಹೇಳುತ್ತಿದ್ದೆ. ನೀನು ಹಾಗೆ ಹೇಳುವುದನ್ನು ಕೇಳಲಾರದೆ ಫೋನು ಕೆಳಗಿಟ್ಟೆ.

ಇನ್ನೊಂದು. ಆ ಬೆಲ್ಟಿನ ಮಗುವನ್ನು ಎಂಟು ತಿಂಗಳು ಎತ್ತಿಕೊಂಡು ಓಡಾಡಿದವರಲ್ಲಿ ನಿನ್ನ ಅಪ್ಪನೂ ಒಬ್ಬ. ಅರ್ಜಿಗೆ ಸಹಿ ಹಾಕುವಾಗ ಅವನಿಗೆ ಅದು ನೆನಪಾಗಲಿಲ್ಲವೇ ಎಂದು ಅವನನ್ನೂ ಕೇಳು. ನಿನ್ನ ಸಿಟ್ಟಿನಲ್ಲಿ ಅವನಿಗೂ ಒಂದು ಪಾಲಿರಲಿ.

ಅಮ್ಮ


ಪ್ಲೊವ್ದಿವ್, 20 ಆಗಸ್ಟ್

ಅಮ್ಮ,

ಕೇಳಿದೆ. ಅಪ್ಪ ಕಲ್ಲಂಗಡಿ ಹೆಚ್ಚುತ್ತಿದ್ದ. “ಓ, ಅದಾ? ಅದು ಸರಿಹೋಗಿತ್ತಲ್ಲ” ಎಂದು ನನಗೊಂದು ಹೋಳು ಕೊಟ್ಟ. ನಿಜವಾಗಿಯೂ ಮರೆತಿದ್ದಾನೆ, ನಟನೆ ಅಲ್ಲ. ಅಪ್ಪ ಮರೆತ, ನೀನು ಮರೆಯಲಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಎಂದು ನನಗೆ ತೀರ್ಮಾನಿಸಲು ಆಗುತ್ತಿಲ್ಲ. ಸದ್ಯಕ್ಕೆ ಮರೆತವನ ಮನೆಯಲ್ಲಿರುವುದು ಸುಲಭ. ಅವನು ನನ್ನ ಕಾಲನ್ನು ನೋಡುವುದಿಲ್ಲ.

ಪ್ರದರ್ಶನದ ದಿನ ಊರುಗೋಲು ಹಿಡಿದುಕೊಂಡು ಕೊನೆಯ ಸಾಲಿನಲ್ಲಿ ಕೂತು ನೋಡಿದೆ. ನನ್ನ ಜಾಗದಲ್ಲಿ ಶುಮೆನ್‌ನ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಕೈ ಹಲಗೆಯ ಹಾಗಿತ್ತು. ಅವಳನ್ನೇ ಆರಿಸಿದರು, ಬಿಸೆರಾ ಜೊತೆಗೆ. ಬಿಸೆರಾ ಆಮೇಲೆ ಬಂದು, “ನಿನ್ನ ಕೈನ ಕತ್ತರಿಸಿ ಅವಳಿಗೆ ಕೊಟ್ಟಿದ್ರೆ ಒಬ್ಬ ಪೂರ್ತಿ ಹುಡುಗಿ ಆಗ್ತಿದ್ಳು” ಅಂದಳು. ಅವಳಿಗೆ ಸಮಾಧಾನ ಹೇಳಲು ಬರುವುದಿಲ್ಲ. ಒಂದು ತಿಂಗಳಿನಿಂದ ನನ್ನೊಂದಿಗೆ ನೇರವಾಗಿ ಮಾತಾಡಿದವಳು ಅವಳೊಬ್ಬಳೇ.

ಆ ಮುಖಕ್ಕೆ ನೀನಾದರೂ ಹೇಳುತ್ತಿದ್ದೆಯಾ ಎಂದು ಕೇಳಿದ್ದೀಯ. ಹೇಳುತ್ತಿದ್ದೆ. ಐದು ವರ್ಷದ ಮಗು ಅತ್ತರೆ ಎಷ್ಟು ದಿನ ಅಳುತ್ತದೆ? ಒಂದು ವಾರ. ಆಮೇಲೆ ಈಜು, ಚಿತ್ರ, ಏನೋ ಒಂದು ಹಿಡಿದುಕೊಳ್ಳುತ್ತಿದ್ದೆ. ನಾನು ಅಳುವುದನ್ನು ನೋಡಲಾರದೆ ನೀನು ಹತ್ತು ವರ್ಷ ತಳ್ಳಿದೆ. ಈಗ ನಾನು ಅಳುತ್ತಿದ್ದೇನೆ, ನೀನು ನೋಡಬೇಕಾಗಿಲ್ಲ. ನಿನಗೆ ಅನುಕೂಲವೇ ಆಯಿತು.

ಸೆಪ್ಟೆಂಬರಿನಿಂದ ಇಲ್ಲಿಯ ಶಾಲೆಗೆ ಸೇರುತ್ತಿದ್ದೇನೆ. ಅಪ್ಪ ಮಾತಾಡಿದ್ದಾನೆ. ನನ್ನ ಚಳಿಗಾಲದ ಬಟ್ಟೆ ಕಳಿಸು. ಬ್ಯಾಲೆಯದ್ದು ಒಂದೂ ಬೇಡ.

ಇಸ್ಕ್ರಾ


ಲೊವೆಚ್, 15 ಸೆಪ್ಟೆಂಬರ್

ಇಸ್ಕ್ರಾ,

ಎರಡು ಚೀಲ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಹಸಿರು ಕೋಟಿನ ಗುಂಡಿ ಹೊಲಿದಿದ್ದೇನೆ. ಎರಡನೇ ಚೀಲದ ತಳದಲ್ಲಿ ಸುಟ್ಟ ಮೆಣಸಿನಕಾಯಿ ಚಟ್ನಿ ಎರಡು ಬಾಟಲಿ ಇದೆ, ಅಡ್ಡ ಮಲಗಿಸಬೇಡ. ಈ ಸಲ ಇಡೀ ಬೀದಿ ಅಂಗಳದಲ್ಲಿ ಒಲೆ ಹಾಕಿ ಮೆಣಸಿನಕಾಯಿ ಸುಡುತ್ತಿದೆ, ಹೊಗೆಗೆ ಕಿಟಕಿ ತೆಗೆಯುವ ಹಾಗಿಲ್ಲ. ಕೆಳಮನೆಯ ಸ್ತೋಯ್ನಾ, “ಮಗ್ಳೆಲ್ಲಿ, ಕಾಣೋದೇ ಇಲ್ಲ?” ಎಂದು ಕೇಳಿದಳು. ಅಪ್ಪನ ಹತ್ತಿರ ಓದುತ್ತಿದ್ದಾಳೆ ಅಂದೆ. “ಜಗಳಾನಾ?” ಅಂದಳು. ಹೌದು ಅಂದೆ. ನಿಜ ಹೇಳಲು ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ, ಸ್ತೋಯ್ನಾಳಿಂದ ಶುರು.

ನಿನ್ನ ಬ್ಯಾಲೆ ಸಾಮಾನು ಕಳಿಸಿಲ್ಲ. ಬಿಸಾಡಿಯೂ ಇಲ್ಲ.

ಕಾಲಿನ ವ್ಯಾಯಾಮ ಮಾಡುತ್ತಿದ್ದೀಯಾ ಎಂದು ಕೇಳಲು ನನಗೆ ಅಧಿಕಾರವಿಲ್ಲ. ಕೇಳುತ್ತಿದ್ದೇನೆ.

ಅಮ್ಮ
(ಈ ಪದ ಬೇಡವಾದರೆ ಹೊಡೆದುಹಾಕಿ ಓದಿಕೋ)


ಲೊವೆಚ್, 24 ಅಕ್ಟೋಬರ್

ಇಸ್ಕ್ರಾ,

ಹಿಂದಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಅದಕ್ಕಾಗಿ ಬರೆಯುತ್ತಿಲ್ಲ. ಒಂದು ಸಂಗತಿ ನಡೆಯಿತು. ಅದನ್ನು ಹೇಳಲು ನನಗೆ ಬೇರೆ ಯಾರೂ ಇಲ್ಲ.

ಈ ತಿಂಗಳು ಹೊಸ ಮಕ್ಕಳನ್ನು ಸೇರಿಸಿಕೊಂಡೆ. ದೋರಾ ಎಂಬ ಮಗು ಬಂತು, ಆರು ವರ್ಷ, ಮುಂದಿನ ಹಲ್ಲು ಎರಡೂ ಇಲ್ಲ. ಸಂಗೀತ ಹಾಕಿದ ಕೂಡಲೇ ಅವಳ ಕತ್ತು ತಾನಾಗಿ ತಿರುಗಿತು, ಯಾರೂ ಕಲಿಸದೆ. ವರ್ಷಗಟ್ಟಲೆ ಕಾದರೂ ಅಂಥ ಮಗು ಸಿಗುವುದಿಲ್ಲ. ನೆಲದ ಮೇಲೆ ಮಲಗಿಸಿ ಕಾಲು ಬಿಡಿಸಿ ನೋಡಿದೆ. ಬಲಗಾಲು ಸಲೀಸಾಗಿ ಹೋಯಿತು. ಎಡಗಾಲು ಅರ್ಧಕ್ಕೆ ನಿಂತಿತು. ನನ್ನ ಕೈಗೆ ಆ ನಿಲುಗಡೆ ಗೊತ್ತು, ಕಣ್ಣು ಮುಚ್ಚಿದರೂ ಗೊತ್ತು.

ಒಂದು ನಿಮಿಷ ನನಗೆ ಏನನ್ನಿಸಿತು ಎಂದು ಬರೆಯುತ್ತೇನೆ. ಇವಳಿಗೂ ಒಂದು ಬ್ಯಾಲೆ ಕಟ್ಟಿಕೊಡಬಹುದು ಅನ್ನಿಸಿತು. ಹೇಗೆ ಎಂದು ನನಗೆ ಚೆನ್ನಾಗಿ ಗೊತ್ತು.

ಅವಳ ಅಮ್ಮನನ್ನು ಹೊರಗೆ ಕರೆದು ಹೇಳಿದೆ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ, ನನ್ನ ಕೈಯ ಅಂದಾಜಿನಲ್ಲಿ ಇದು ಬ್ಯಾಲೆಗೆ ಆಗುವ ಕಾಲಲ್ಲ ಎಂದೆ.

ಅವಳ ಮುಖ ಕೆಂಪಾಯಿತು. “ನಿಮಗೆ ಸೇರಿಸ್ಕೊಳ್ಳೋಕೆ ಇಷ್ಟ ಇಲ್ಲ ಅಂದ್ರೆ ಹೇಳಿ. ಮಗೂಗೆ ಯಾಕೆ ಕುಂದು ಹಚ್ತೀರಾ? ಓಡ್ತಾಳೆ, ಮರ ಹತ್ತುತ್ತಾಳೆ, ಯಾವ ಡಾಕ್ಟ್ರೂ ಏನೂ ಅಂದಿಲ್ಲ.”

“ಓಡ್ಲಿ, ಮರ ಹತ್ಲಿ. ಇದು ಬೇಡ.”

“ನಿಮ್ಮ ಮಗಳಿಗೂ ಹೀಗೇ ಆಯ್ತಂತೆ, ಕೇಳಿದೀನಿ ನಾನು. ನಿಮ್ಮನೆ ಗ್ರಹಚಾರಾನ ಊರೋರ ಮಕ್ಕಳ ಮೇಲೆಲ್ಲ ಹಾಕ್ಬೇಡಿ.”

ಮಗು ಬಾಗಿಲಲ್ಲಿ ನಿಂತಿತ್ತು, ಹೊಸ ಬಿಳಿ ಬ್ಯಾಲೆ ಶೂ ಹಾಕಿಕೊಂಡು. ಎಷ್ಟು ಕೇಳಿಸಿಕೊಂಡಿತೋ ಗೊತ್ತಿಲ್ಲ. “ನಾನು ಚೆನ್ನಾಗಿ ಮಾಡ್ಲಿಲ್ವಾ ಮಿಸ್?” ಎಂದು ಕೇಳಿತು. “ಚೆನ್ನಾಗ್ ಮಾಡ್ದೆ ಪುಟ್ಟಿ” ಅಂದೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಉಳಿದ ಮಕ್ಕಳು ಕಾಯುತ್ತಿದ್ದರು.

ಹೇಳಬೇಕಾಗಿತ್ತು ಎಂದು ನೀನು ಅಂದೆ. ಈ ಸಲ ಹೇಳಿದೆ. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಕೇಳಿದ್ದೆ, ಹಾಗೇನೂ ಆಗಲಿಲ್ಲ. ಮನೆಗೆ ಬಂದು ಊಟ ಮಾಡದೆ ಕೂತೆ. ಇದರಿಂದ ನೀನು ಸರಿ ಎಂದಾಯಿತು ಅಂದುಕೊಂಡರೆ ಅಂದುಕೋ. ನನಗೆ ಇನ್ನೂ ಗೊತ್ತಿಲ್ಲ. ಅವಳ ಕತ್ತು ಮಾತ್ರ ಕಣ್ಣಿಂದ ಹೋಗುತ್ತಿಲ್ಲ.

ಅಮ್ಮ


ಪ್ಲೊವ್ದಿವ್, 29 ಅಕ್ಟೋಬರ್

ಅಮ್ಮ,

ನಿನ್ನ ಪತ್ರ ಓದಿ ಮೊದಲು ಬಂದದ್ದು ಸಿಟ್ಟು. ನೀನು ಅವಳ ಅಮ್ಮನಿಗೆ ಹೇಳಿದೆ. ಮಗುವಿಗೆ ಏನು ಹೇಳಿದೆ? ಚೆನ್ನಾಗಿ ಮಾಡಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಚೆನ್ನಾಗಿ ಮಾಡಿದವಳನ್ನು ಯಾಕೆ ಮನೆಗೆ ಕಳಿಸುತ್ತಾರೆ ಎಂದು ಅವಳು ಈಗ ಯೋಚನೆ ಮಾಡುತ್ತಿರುತ್ತಾಳೆ. ದೊಡ್ಡವರು ಸುಳ್ಳು ಹೇಳುತ್ತಿದ್ದಾರೆ, ತಾನು ಕೆಟ್ಟದಾಗಿಯೇ ಮಾಡಿದೆ ಎಂದು ತೀರ್ಮಾನಿಸಿರುತ್ತಾಳೆ. ನೀನು ಇನ್ನೂ ಅರ್ಧವೇ ಹೇಳುತ್ತೀಯ. ಅದೂ ಯಾರಿಗೆ ಹೇಳಬೇಕೋ ಅವರನ್ನು ಬಿಟ್ಟು ಪಕ್ಕದವರಿಗೆ.

ಅವಳ ಮನೆ ಎಲ್ಲಿ ಎಂದು ಪತ್ತೆ ಮಾಡು. ಊರು ಅಷ್ಟೇನೂ ದೊಡ್ಡದಲ್ಲ, ಸ್ತೋಯ್ನಾಳನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಹೇಳುತ್ತಾಳೆ. ಮುಂದಿನ ವಾರ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಭಾನುವಾರ ಇಬ್ಬರೂ ಹೋಗೋಣ. ಅವಳ ಅಮ್ಮ ಬೈಯುತ್ತಾಳೆ, ನೀನು ಬೈಸಿಕೋ. ಅಷ್ಟರಲ್ಲಿ ನಾನು ದೋರಾ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೇನೆ. ನನಗೆ ಯಾರೂ ಹೇಳದೇ ಹೋದದ್ದನ್ನು ಅವಳಿಗೆ ನಾನು ಹೇಳುತ್ತೇನೆ. ಅವಳು ಅತ್ತರೆ ಅಳಲಿ, ನಾನು ಎದ್ದು ಹೋಗುವುದಿಲ್ಲ. ನೀನು ಅಲ್ಲೇ ನಿಂತು ಪೂರ್ತಿ ಕೇಳಿಸಿಕೊಳ್ಳಬೇಕು. ಬೇರೆ ಕಡೆ ಮುಖ ತಿರುಗಿಸುವ ಹಾಗಿಲ್ಲ.

ಸೋಮವಾರ ಬೆಳಿಗ್ಗೆ ವಾಪಸ್ ಹೊರಡುತ್ತೇನೆ. ಕ್ಷಮಿಸಿಬಿಟ್ಟಿದ್ದಾಳೆ ಎಂದು ಬೀದಿಗೆಲ್ಲ ಹೇಳಬೇಡ, ನಾನು ಕ್ಷಮಿಸಿಲ್ಲ.

ಬಸ್ ನಿಲ್ದಾಣಕ್ಕೆ ಬರಬೇಡ. ಸೇತುವೆ ದಾಟಿ ನಡೆದೇ ಬರುತ್ತೇನೆ, ಅಷ್ಟು ದೂರ ಈಗ ನೋವಿಲ್ಲದೆ ನಡೆಯಬಲ್ಲೆ. ಈ ಸಲ ನಿಜವಾಗಿಯೂ ಇಲ್ಲ.

ಇಸ್ಕ್ರಾ